ಕೊಚ್ಚಿನಾ, ಪಾಂಡಿಚೇರಿನಾ, ಪಣಜಿನಾ, ಮಂಗಳೂರಾ? ನಮ್ಮ ಕಡೆಯಿಂದ ಹೋಗುವವರಿಗೆ ಒಂದು ಲೆಕ್ಕ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು. ಈ ಸಲ ಸಮುದ್ರ ನೋಡೋಣ. ಒಂದು ತಿಂಗಳಲ್ಲಿ ಮೂರು ಮಂದಿ ನನ್ನನ್ನು ಇದನ್ನೇ ಕೇಳಿದರು. ಕಲಬುರಗಿಯಲ್ಲಿ ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಕಲಿಸುವ ಒಂದು ಜೋಡಿ. ಅವರಿಗೆ ಒಂದು ವಾರ ರಜೆ ಇದೆ, ಹಳೇ ಊರು ಬೇಕು, ಓಡಾಟ ಬೇಡ. ಯಾದಗಿರಿಯ ನಮ್ಮ ಕಾಕಾ. ಅವರಿಗೆ ಮೊಣಕಾಲು ನೋವು, ಜೊತೆಗೆ ಕಾಕಿ, ಇಬ್ಬರಿಗೂ ಕನ್ನಡ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಇನ್ನು ಬೀದರಿನ ಅಣ್ಣ ತಮ್ಮ, ಓದುತ್ತಿರುವ ಹುಡುಗರು, ಜೇಬಿನಲ್ಲಿ ರೊಕ್ಕ ಕಡಿಮೆ, ಕಾಲಲ್ಲಿ ಕಸುವು ಜಾಸ್ತಿ.

ಮೂವರೂ ಹಿಡಿದುಕೊಂಡು ಬಂದದ್ದು ಅವೇ ನಾಲ್ಕು ಹೆಸರು. ಕೊಚ್ಚಿ, ಪಾಂಡಿಚೇರಿ, ಪಣಜಿ, ಮಂಗಳೂರು. ನಾಲ್ಕೂ ಒಂದೇ ಜಾತಿಯ ಊರುಗಳು. ಹಡಗಿನಲ್ಲಿ ಬಂದು ಇಳಿದ ಜನ ಅಲ್ಲೇ ಮನೆ ಮಾಡಿ, ಗುಡಿ, ಮಸೀದಿ, ಚರ್ಚು ಕಟ್ಟಿಕೊಂಡು ಪಕ್ಕ ಪಕ್ಕದ ಓಣಿಯಲ್ಲಿ ನೂರಾರು ವರ್ಷ ಬಾಳಿದ ಊರುಗಳು. ಬಂದೇ ನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ನಡೆದುಕೊಳ್ಳುವ ನಮ್ಮ ಜನಕ್ಕೆ ಇಂಥ ಊರು ಬೇಗ ಹಿಡಿಸುತ್ತದೆ. ಮುಂಬೈಯನ್ನು ನಾನು ಇದರಲ್ಲಿ ಸೇರಿಸಿಲ್ಲ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೇವೆ, ಬೀದರಿನಿಂದ ಲಾತೂರ್ ಮೇಲೆ ಹೋಗುವ ರೈಲೂ ಇದೆ, ನೋಡಲು ಬೇಕಾದಷ್ಟಿದೆ. ಆದರೆ ಸುಮ್ನೆ ಕೂತು, ಅಡ್ಡಾಡಿ, ಮತ್ತೆ ಕೂತು ದಿನ ಕಳೆಯುವ ಊರು ಅದಲ್ಲ.

ಮೊದಲು ಕೇಳಿಕೊಳ್ಳಬೇಕಾದ್ದು

ನಿಮ್ಮ ಜೊತೆ ಬರುವವರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಊರು ಆರಿಸಬೇಕಾದ್ದು ಅವರ ಕಾಲಿನ ಲೆಕ್ಕದಲ್ಲಿ. ಇದನ್ನು ನಾನು ಗೋವಾದಲ್ಲಿ ಕಲಿತೆ. ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ಬಾಡಿಗೆ ಕಡಿಮೆ ಅಂತ ಪಣಜಿಯಿಂದ ದೂರ, ಒಂದು ಬೀಚ್ ಹತ್ತಿರ ರೂಮು ಹಿಡಿದೆವು. ಊರಿಗೆ ಬರಬೇಕೆಂದರೆ ಪ್ರತಿ ಸಲ ಟ್ಯಾಕ್ಸಿ, ಹತ್ತು, ಇಳಿ, ಚೌಕಾಸಿ ಮಾಡು, ಮತ್ತೆ ಹತ್ತು. ಎರಡನೇ ದಿನಕ್ಕೇ ಟ್ಯಾಕ್ಸಿಗೆ ಹೋದ ದುಡ್ಡು ರೂಮಿನ ಬಾಡಿಗೆಯನ್ನು ದಾಟಿತು. ಮೂರನೇ ದಿನ ಬೆಳಿಗ್ಗೆ ಅವ್ವ, "ನೀವ್ ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಅಂದಳು. ಅಷ್ಟು ದೂರ ಕರೆದೊಯ್ದು ಅವಳನ್ನು ನಾಲ್ಕು ಗೋಡೆ ನಡುವೆ ಬಿಟ್ಟು ಹೋದದ್ದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕುಟುಕುತ್ತದೆ. ಆಮೇಲಿಂದ ನಾನು ಯಾವ ಊರಿಗೆ ಹೋದರೂ ನೋಡುವ ಜಾಗಗಳ ನಡುವೆಯೇ ರೂಮು ಹಿಡಿಯುತ್ತೇನೆ, ಸ್ವಲ್ಪ ಜಾಸ್ತಿ ಆದರೂ ಸರಿ.

ಎರಡನೆಯದು ದಿನ. ರಜೆ ಎಷ್ಟು ದಿನ ಅನ್ನುವುದಕ್ಕಿಂತ ಹೋಗಿ ಬರುವ ದಾರಿ ಕಳೆದು ಎಷ್ಟು ದಿನ ಉಳಿಯುತ್ತದೆ ಅಂತ ಎಣಿಸಿ. ಮೂರು ಪೂರ್ತಿ ದಿನ ಉಳಿಯದಿದ್ದರೆ ಅಂಥ ಊರಿಗೆ ಈ ಸಲ ಹೋಗಬೇಡಿ. ಮೂರನೆಯದು ಬಾಯಿ, ಅಂದರೆ ಮಾತು ಮತ್ತು ಊಟ ಎರಡೂ. ದಿನಾ ರೊಟ್ಟಿ ತಿನ್ನುವವರಿಗೆ ಕರಾವಳಿಯ ಅನ್ನ ಎರಡು ದಿನ ರುಚಿ, ಮೂರನೇ ದಿನ ಹೊಟ್ಟೆ ರೊಟ್ಟಿ ಕೇಳುತ್ತದೆ. ಅದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಖಡಕ್ ರೊಟ್ಟಿ ಒಂದು ಕಟ್ಟು, ಶೇಂಗಾ ಹಿಂಡಿ ಒಂದು ಡಬ್ಬಿ.

ದುಡ್ಡಿನ ವಿಷಯ. ನಾಲ್ಕೂ ಊರಿಗೆ ರೈಲು ಬಸ್ಸಿನ ಖರ್ಚು ಹೇಗೋ ಹೊಂದಿಸಿಕೊಳ್ಳಬಹುದು. ನಿಜವಾಗಿ ದುಡ್ಡು ಹೋಗುವುದು ರೂಮು ಮತ್ತು ಊರೊಳಗಿನ ಓಡಾಟಕ್ಕೆ. ಹೋಲಿಕೆ ಮಾಡುವಾಗ ಈ ಎರಡನ್ನೇ ನೋಡಿ.

ಕೊನೆಯದು ಹವೆ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ತಡೆದುಕೊಳ್ಳಬಹುದು. ಕರಾವಳಿಯಲ್ಲಿ ನೆರಳಲ್ಲಿ ಕೂತರೂ ಮೈ ಜಿಗಿಜಿಗಿ. ಏಪ್ರಿಲ್, ಮೇ ತಿಂಗಳಲ್ಲಿ ಹೋದವರು ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಮಲಗಿ ವಾಪಸ್ ಬರುತ್ತಾರೆ. ಕೊಚ್ಚಿ, ಪಣಜಿ, ಮಂಗಳೂರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಜೋರು ಮಳೆ. ಪಾಂಡಿಚೇರಿಗೆ ಉಲ್ಟಾ, ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಮಳೆಗಾಲ, ಒಮ್ಮೊಮ್ಮೆ ಚಂಡಮಾರುತವೂ ಬರುತ್ತದೆ. ಜನವರಿ, ಫೆಬ್ರವರಿ ನಾಲ್ಕಕ್ಕೂ ಒಳ್ಳೇದು. ನಮ್ಮ ರಾಶಿ ಮುಗಿಯುವುದೂ ಆವಾಗಲೇ, ಅಲ್ವಾ?

ಕೊಚ್ಚಿ

ನನ್ನ ಮನಸ್ಸು ಇರುವುದು ಇಲ್ಲಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ನೆನಪಿರಲಿ.

ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ಯಾದಗಿರಿ ಮೇಲೆಯೇ ಹೋಗುತ್ತದೆ, ಎರ್ನಾಕುಲಂನಲ್ಲಿ ಇಳಿಯಬೇಕು. ರೈಲು ಬದಲಿಸುವ ತಲೆನೋವಿಲ್ಲ. ಆದರೆ ಒಂದು ಹಗಲು, ಒಂದು ರಾತ್ರಿ ಪೂರ್ತಿ ರೈಲಿನಲ್ಲೇ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ಶಬರಿ ಎಕ್ಸ್‌ಪ್ರೆಸ್ ಇದೆ, ದುಡ್ಡಿದ್ದರೆ ವಿಮಾನವೂ ಇದೆ. ರೈಲಿನಲ್ಲಿ ಹೋಗಿ ಬರುವುದಾದರೆ ಎರಡೂವರೆ ದಿನ ದಾರಿಗೇ ಕಳೆದುಕೊಳ್ಳಿ. ಆರು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಕೊಚ್ಚಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ರೂಮು ಎರ್ನಾಕುಲಂ ಪೇಟೆಯಲ್ಲಿ ಹಿಡಿಯಬೇಡಿ. ಕಡಿಮೆಗೆ ಸಿಗುತ್ತದೆ ನಿಜ, ಆದರೆ ಅದು ಎಲ್ಲ ಊರಿನ ಹಾಗೆ ಒಂದು ಊರು. ನೀರು ದಾಟಿ ಫೋರ್ಟ್ ಕೊಚ್ಚಿಗೆ ಹೋಗಿ. ಸರ್ಕಾರಿ ದೋಣಿಯ ಚಾರ್ಜು ತೀರಾ ಕಡಿಮೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೊ ಅನ್ನುವ ಹೊಸ ದೋಣಿ ಈಗ ಎರ್ನಾಕುಲಂ ಹೈಕೋರ್ಟ್ ಹತ್ತಿರದಿಂದ ಫೋರ್ಟ್ ಕೊಚ್ಚಿಗೂ ಹೋಗುತ್ತದೆ, ವಯಸ್ಸಾದವರಿಗೆ ಹತ್ತಿ ಇಳಿಯಲು ಅದು ಸುಲಭ. ಅಲ್ಲಿ ಮನೆಯವರೇ ನಡೆಸುವ ಹೋಮ್‌ಸ್ಟೇಗಳು ಓಣಿಗೆ ಎರಡು ಮೂರು ಇವೆ. ಹಳೇ ಮನೆ, ಎತ್ತರದ ಮಾಡು, ಬೆಳಿಗ್ಗೆ ಪುಟ್ಟು ಕಡಲೆ ಇಲ್ಲಾ ಅಪ್ಪಂ. ಒಂದು ಎಚ್ಚರ. ಕೊಚ್ಚಿ ಬಿನಾಲೆ ಅನ್ನುವ ದೊಡ್ಡ ಕಲಾ ಜಾತ್ರೆ ನಡೆಯುವ ವರ್ಷ ಡಿಸೆಂಬರ್‌ನಿಂದ ಮಾರ್ಚ್ ತನಕ ಈ ರೂಮುಗಳ ಬಾಡಿಗೆ ಏರುತ್ತದೆ. ಆದರೆ ಹಳೇ ಗೋದಾಮುಗಳ ಬಾಗಿಲು ತೆರೆದು ಚಿತ್ರ ಇಟ್ಟಿರುತ್ತಾರೆ, ಅದು ಬೇರೆ ವರ್ಷ ನೋಡಲು ಸಿಗುವುದಿಲ್ಲ.

ಈ ಊರು ಹುಟ್ಟಿದ ಕಥೆಯೇ ಚೆಂದ. 1341ರಲ್ಲಿ ಪೆರಿಯಾರ್ ನದಿಗೆ ಭಾರಿ ಪ್ರವಾಹ ಬಂತು. ಅದಕ್ಕೂ ಮುಂಚೆ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಮುಜಿರಿಸ್ ಬಂದರು ಹೂಳು ತುಂಬಿ ಹೋಯಿತು, ಇತ್ತ ಕೊಚ್ಚಿಯ ಹತ್ತಿರ ನೀರು ದಾರಿ ಮಾಡಿಕೊಂಡು ಹೊಸ ಬಂದರು ತೆರೆಯಿತು. ಆಮೇಲೆ ಮೆಣಸು ಹುಡುಕಿಕೊಂಡು ಎಲ್ಲರೂ ಬಂದರು. ಪೋರ್ಚುಗೀಸರು 1503ರಲ್ಲಿ ಕಟ್ಟಿದ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂತ ಜಾಗ ಇದೆ. ಅವನು ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲೇ. 1539ರಲ್ಲಿ ಎಲುಬುಗಳನ್ನು ಪೋರ್ಚುಗಲ್‌ಗೆ ಒಯ್ದರು, ಕಲ್ಲು ಮಾತ್ರ ಉಳಿಯಿತು. 1663ರಲ್ಲಿ ಡಚ್ಚರು ಬಂದರು, 1795ರಲ್ಲಿ ಇಂಗ್ಲಿಷರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ದೊರೆಗಳ ಕಥೆಗಿಂತ ಫೋರ್ಟ್ ಕೊಚ್ಚಿ ಪಕ್ಕದ ಮಟ್ಟಂಚೇರಿಯ ಓಣಿಗಳು. ಗೋವಾದಿಂದ ಓಡಿ ಬಂದ ಕೊಂಕಣಿಗಳ ತಿರುಮಲ ದೇವಸ್ಥಾನ, ಅಲ್ಲಿಂದ ಸ್ವಲ್ಪ ನಡೆದರೆ ಗುಜರಾತಿಗಳ ರಸ್ತೆ, ಅಲ್ಲೊಂದು ಜೈನ ಬಸದಿ, ಮಧ್ಯಾಹ್ನ ಅದರ ಅಂಗಳದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ಕಚ್ಛಿನ ಮೇಮನ್ ಮುಸಲ್ಮಾನರು, ಬಟ್ಟೆ ಒಗೆಯಲು ಡಚ್ಚರು ಕರೆತಂದ ತಮಿಳು ಮಡಿವಾಳರು, ನಮ್ಮ ಹಾಗೆ ದಖನಿ ಮಾತಾಡುವ ಕುಟುಂಬಗಳು, ಎಲ್ಲ ಇಷ್ಟೇ ಜಾಗದಲ್ಲಿ. ಯಹೂದಿಗಳ ಓಣಿಯ ಪರದೇಶಿ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಕಟ್ಟಿದ್ದು 1568ರಲ್ಲಿ. ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಕಾಲಿಗೆ ತಣ್ಣಗೆ ತಾಗುವ ಬಿಳಿ ನೀಲಿ ಬಿಲ್ಲೆಗಳು ಚೀನಾದಿಂದ ಬಂದವು, ಕೈಯಿಂದ ಬರೆದವು. ಬಗ್ಗಿ ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಹೊರಗಿನ ಗೋಪುರದ ಗಡಿಯಾರ 1760ರದ್ದು. ಪ್ರಾರ್ಥನೆ ಮಾಡುತ್ತಿದ್ದ ಜನ ಬಹುಪಾಲು ಇಸ್ರೇಲಿಗೆ ಹೋಗಿಬಿಟ್ಟರು. ಓಣಿಗೆ ಇನ್ನೂ ಅವರ ಹೆಸರೇ ಇದೆ.

ಇನ್ನೊಂದು, ಮೀನು ಹಿಡಿಯುವ ಚೀನಾ ಬಲೆ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ, ಹತ್ತಿರ ನಿಂತು ನೋಡಿ. ನಮ್ಮ ಹಳೇ ಏತದ ಬಾವಿ ನೆನಪಿರುವವರಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಉದ್ದದ ಮರದ ತೊಲೆ, ಒಂದು ತುದಿಗೆ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲುಗಳು, ಒಂದಕ್ಕಿಂತ ಒಂದು ಕೆಳಗೆ. ನಾಲ್ಕೈದು ಮಂದಿ ಹಗ್ಗ ಹಿಡಿದು ಜಗ್ಗುತ್ತಾರೆ. ಬಲೆ ಮೇಲೇಳುತ್ತಿದ್ದ ಹಾಗೆ ಕಲ್ಲುಗಳು ಒಂದೊಂದಾಗಿ ಹಲಗೆಯ ಮೇಲೆ ಕೂರುತ್ತವೆ, ಠಕ್, ಠಕ್, ಠಕ್. ಆ ಸದ್ದು ಕೇಳುತ್ತಾ ಅರ್ಧ ತಾಸು ನಿಂತಿದ್ದೆ. ಬಲೆಯಲ್ಲಿ ಬಂದದ್ದು ಒಂದು ಹಿಡಿ ಮೀನು. ಮತ್ತೆ ಇಳಿಸಿದರು.

ಕೊರತೆಗಳು. ಮಟ್ಟಂಚೇರಿ ಅರಮನೆ ಶುಕ್ರವಾರ ಮುಚ್ಚಿರುತ್ತದೆ, ಸಿನಗಾಗ್ ಶನಿವಾರ ಮುಚ್ಚಿರುತ್ತದೆ. ಶುಕ್ರವಾರ ಇಳಿದು ಭಾನುವಾರ ಹೊರಡುವ ಹಾಗೆ ಟಿಕೆಟ್ ಮಾಡಿಸಿದರೆ ಎರಡರಲ್ಲಿ ಒಂದು ತಪ್ಪಿಹೋಗಬಹುದು. ಭಾನುವಾರ ಮುಟ್ಟಿ ಬುಧವಾರ ಹೊರಡುವ ಹಾಗೆ ನೋಡಿಕೊಳ್ಳಿ. ಅರಮನೆಯ ಗೋಡೆಯ ಮೇಲಿನ ರಾಮಾಯಣದ ಚಿತ್ರಗಳನ್ನು ತಪ್ಪಿಸಿಕೊಳ್ಳಬಾರದು. ಫೋರ್ಟ್ ಕೊಚ್ಚಿಯಿಂದ ಮಟ್ಟಂಚೇರಿ ಸುಮಾರು ಎರಡು ಕಿಲೋಮೀಟರ್, ಕಾಲು ನೋವಿನವರಿಗೆ ಆಟೋ ಬೇಕು. ಕನ್ನಡ ನಡೆಯುವುದಿಲ್ಲ, ಹಿಂದಿ ಸ್ವಲ್ಪ, ಇಂಗ್ಲಿಷ್ ಚೆನ್ನಾಗಿ ನಡೆಯುತ್ತದೆ. ಮಾಂಸ, ಮೀನು ತಿನ್ನುವವರಿಗೆ ಇದು ಸ್ವರ್ಗ. ಶಾಕಾಹಾರಿಗಳು ಊಟದ ಹೊತ್ತಿಗೆ ಗುಜರಾತಿ ರಸ್ತೆ, ಕೊಂಕಣಿಗಳ ಓಣಿ ಕಡೆ ಹೋಗಿ. ಇಲ್ಲಿ ಸ್ನಾನ ಮಾಡುವಂಥ ಬೀಚ್ ಇಲ್ಲ ಅನ್ನುವುದೂ ಗೊತ್ತಿರಲಿ. ಮಕ್ಕಳು ಮರಳಲ್ಲಿ ಆಡಬೇಕು ಅಂದರೆ ಕೊಚ್ಚಿ ನಿರಾಸೆ ಮಾಡುತ್ತದೆ.

ಪಣಜಿ

ಗೋವಾ ಅಂದರೆ ನಮ್ಮ ಹುಡುಗರಿಗೆ ಬೀಚು, ಬಾಟಲಿ. ನಾನು ಹೇಳುತ್ತಿರುವುದು ಪಣಜಿ ಪಟ್ಟಣದ ವಿಷಯ, ಅದರಲ್ಲೂ ಫೌಂಟೇನ್ಹಾಸ್ ಅನ್ನುವ ಹಳೇ ಓಣಿಗಳ ವಿಷಯ. ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು, ಸಣ್ಣ ಬಾಲ್ಕನಿ, ಮೂಲೆಗೊಂದು ಬೇಕರಿ. ಒಂದು ಬೆಳಗಿನಲ್ಲಿ ನಡೆದು ಮುಗಿಯುತ್ತದೆ.

ಆದರೆ ಬೀದರ್, ಕಲಬುರಗಿಯವರು ಪಣಜಿಗೆ ಹೋಗಲು ಬೇರೆಯದೇ ಕಾರಣ ಇದೆ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬಹಮನಿಗಳಿಗಾಗಿ ಗೋವಾ ಗೆದ್ದ. ಬಹಮನಿ ದಂಡಿಗೆ ಬೇಕಾದ ಕುದುರೆಗಳು ಅರಬ್ ಕಡೆಯಿಂದ ಹಡಗಿನಲ್ಲಿ ಈ ಕರಾವಳಿಗೇ ಬರಬೇಕಿತ್ತು. ಅದೇ ಕಾಲದಲ್ಲಿ ಅಫನಾಸಿ ನಿಕಿಟಿನ್ ಅನ್ನುವ ರಷ್ಯಾದ ವ್ಯಾಪಾರಿ ಮುಂಬೈಯ ದಕ್ಷಿಣಕ್ಕಿರುವ ಚೌಲ್ ಬಂದರಿನಲ್ಲಿ ಒಂದು ಕುದುರೆ ಇಳಿಸಿಕೊಂಡು, ಅದನ್ನು ಮಾರಲು ಬೀದರಿನ ತನಕ ನಡೆದುಕೊಂಡು ಬಂದಿದ್ದ. ಆಮೇಲೆ ಗೋವಾ ಬಿಜಾಪುರದ ಆದಿಲ್‌ಶಾಹಿಗಳ ಕೈಗೆ ಬಂತು, 1510ರಲ್ಲಿ ಪೋರ್ಚುಗೀಸರು ಕಿತ್ತುಕೊಂಡರು. ಪಣಜಿಯಲ್ಲಿ ಮಾಂಡವಿ ದಂಡೆಯ ಮೇಲಿನ ಹಳೇ ಸಚಿವಾಲಯವನ್ನು ಇವತ್ತಿಗೂ ಆದಿಲ್ ಶಾಹ ಅರಮನೆ ಅಂತಲೇ ಕರೆಯುತ್ತಾರೆ. ಅದರ ಎದುರು ನಿಂತಾಗ ನನಗೆ ನಮ್ಮ ಕೋಟೆಯ ಬುರುಜು ನೆನಪಾಯಿತು.

ಹತ್ತು ಕಿಲೋಮೀಟರ್ ದೂರದಲ್ಲಿ ಹಳೇ ಗೋವಾ. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಅವರ ದೇಹ ಇದೆ. ಸುತ್ತಲಿನ ದೊಡ್ಡ ಚರ್ಚುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಪಣಜಿ ಸ್ಟ್ಯಾಂಡಿನಿಂದ ಬಸ್ಸು ಸಿಗುತ್ತದೆ, ಟ್ಯಾಕ್ಸಿ ಬೇಡ. ಪೋಂಡಾ ಕಡೆ ಹೋದರೆ ಮಂಗೇಶಿ, ಶಾಂತಾದುರ್ಗೆ ಗುಡಿಗಳು.

ಅನುಕೂಲ ಏನೆಂದರೆ ಹತ್ತಿರ. ಕಲಬುರಗಿಯಿಂದ ವಿಜಯಪುರ, ಬೆಳಗಾವಿ ಮೇಲೆ ರಾತ್ರಿ ಬಸ್ಸಿನಲ್ಲೇ ಮುಗಿಯುವ ದಾರಿ. ನಾಲ್ಕು ದಿನ ರಜೆ ಇದ್ದರೂ ಸಾಕು. ಕನ್ನಡ, ಹಿಂದಿ, ಮರಾಠಿ ಮೂರರಲ್ಲಿ ಒಂದು ಎಲ್ಲಿ ಬೇಕಾದರೂ ನಡೆಯುತ್ತದೆ, ನಮ್ಮ ಕಡೆಯ ಎಷ್ಟೋ ಜನ ಅಲ್ಲೇ ದುಡಿಯುತ್ತಿದ್ದಾರೆ. ತೊಂದರೆ ಏನೆಂದರೆ ನಾಲ್ಕರಲ್ಲಿ ಟ್ಯಾಕ್ಸಿ ದುಬಾರಿ ಇಲ್ಲೇ. ಡಿಸೆಂಬರ್ ಕೊನೆಯ ವಾರ ರೂಮಿನ ಮಾತೇ ಆಡಬೇಡಿ. ಸಂಜೆ ನದಿಯ ಮೇಲೆ ಕ್ಯಾಸಿನೊ ಹಡಗುಗಳ ದೀಪ, ಗದ್ದಲ. ಶಾಂತಿ ಬೇಕು ಅಂತ ಹೋದವರಿಗೆ ಪಣಜಿಯ ಬೆಳಗು ಒಳ್ಳೇದು, ಸಂಜೆ ಅಷ್ಟಿಲ್ಲ.

ಪಾಂಡಿಚೇರಿ

ಗೋವಾದ ನಂತರದ ವರ್ಷ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಹೋದೆ. ದಾರಿ ಸುಲಭ ಅಲ್ಲ. ಕಲಬುರಗಿ, ಯಾದಗಿರಿಯಿಂದ ಚೆನ್ನೈಗೆ ರೈಲು ಹದಿಮೂರು, ಹದಿನಾಲ್ಕು ತಾಸು, ಅಲ್ಲಿಂದ ಸಮುದ್ರದ ಬದಿಯ ರಸ್ತೆಯಲ್ಲಿ ಬಸ್ಸು ಮೂರು ನಾಲ್ಕು ತಾಸು. ನಡುವೆ ಚೆನ್ನೈಯಲ್ಲಿ ಸ್ಟೇಷನ್‌ನಿಂದ ಬಸ್ ಸ್ಟ್ಯಾಂಡಿಗೆ ಹೋಗುವುದು ಬೇರೆ. ವಯಸ್ಸಾದವರಿದ್ದರೆ ಚೆನ್ನೈಯಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡಿ.

ಆದರೆ ಒಂದು ಸಲ ಮುಟ್ಟಿದಿರಿ ಅಂದರೆ ಅದರಷ್ಟು ಸಲೀಸಾದ ಊರು ಇನ್ನೊಂದಿಲ್ಲ. ಪಗಡೆ ಹಾಸಿನ ಹಾಗೆ ನೇರ ನೇರ ಬೀದಿಗಳು. ಆ ನಕ್ಷೆ ಹಾಕಿದ್ದು ಫ್ರೆಂಚರ ಕೈಯಿಂದ 1693ರಲ್ಲಿ ಊರು ಕಿತ್ತುಕೊಂಡ ಡಚ್ಚರು ಅನ್ನುತ್ತಾರೆ. ಫ್ರೆಂಚರು ಬಂದದ್ದು 1674ರಲ್ಲಿ. 1761ರಲ್ಲಿ ಇಂಗ್ಲಿಷರು ಊರನ್ನೇ ಕೆಡವಿ ಹಾಕಿದರು, ಫ್ರೆಂಚರು ವಾಪಸ್ ಬಂದು ಮತ್ತೆ ಕಟ್ಟಿದರು. 1954ರ ನವೆಂಬರ್ 1ರಂದು ಭಾರತದ ಕೈಗೆ ಬಂತು, ಕಾಗದದ ಮೇಲೆ ಪೂರ್ತಿಯಾದದ್ದು 1962ರಲ್ಲಿ. ನಡುವೆ ಒಂದು ಕಾಲುವೆ. ಸಮುದ್ರದ ಕಡೆ ಫ್ರೆಂಚರ ಹಳದಿ ಮನೆಗಳು, ಈ ಕಡೆ ತಮಿಳರ ಓಣಿ, ತೆಂಕಣಕ್ಕೆ ಮುಸಲ್ಮಾನರ ಮೊಹಲ್ಲಾ. ಎಲ್ಲರೂ ಫ್ರೆಂಚರ ಕಡೆಯೇ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ. ನಮ್ಮವ್ವನಿಗೆ ಹಿಡಿಸಿದ್ದು ತಮಿಳರ ಓಣಿ. ಅಲ್ಲಿ ಹಳೇ ಮನೆಗಳ ಮುಂದೆ ದಾರಿಹೋಕರು ಕೂರಲಿ ಅಂತಲೇ ಕಟ್ಟಿದ ಜಗುಲಿ ಇರುತ್ತದೆ, ಮೇಲೆ ಮರದ ಕಂಬದ ಮಾಡು. ಒಂದು ಮನೆಯ ಜಗುಲಿ ಮೇಲೆ ಅವ್ವ ಕೂತಳು. ಒಳಗಿನಿಂದ ಒಬ್ಬ ಅಜ್ಜಿ ಬಂದು ಒಂದು ಚೊಂಬು ನೀರು ಕೊಟ್ಟಳು. ಇವಳಿಗೆ ತಮಿಳು ಬಾರದು, ಆಕೆಗೆ ಕನ್ನಡ ಬಾರದು, ಇಬ್ಬರೂ ಅರ್ಧ ತಾಸು ಮಾತಾಡಿದರು. "ನಮ್ಮ ಕಟ್ಟೀ ಹಂಗೇ ಅದ ನೋಡು" ಅಂತ ಅವ್ವ ಊರಿಗೆ ಬಂದ ಮೇಲೂ ಹೇಳುತ್ತಿದ್ದಳು.

ಸಂಜೆಯಾದರೆ ಸಮುದ್ರದ ದಂಡೆಯ ರಸ್ತೆಗೆ ಗಾಡಿ ಬಿಡುವುದಿಲ್ಲ, ಬೆಳಗಿನ ತನಕ ಅದು ನಡೆಯುವವರದ್ದೇ. ಕೂರಲು ಕಟ್ಟೆ, ಗಾಳಿ, ಗಾಂಧೀಜಿ ಪ್ರತಿಮೆ, ಮಕ್ಕಳ ಗದ್ದಲ. ಮೊಣಕಾಲು ನೋವಿನವರೂ ಐದು ನಿಮಿಷ ನಡೆದು ಹತ್ತು ನಿಮಿಷ ಕೂತು ಇಡೀ ದಂಡೆ ಮುಗಿಸಬಹುದು. ಮಣಕುಳ ವಿನಾಯಕ ಗುಡಿ, ಅರವಿಂದರ ಆಶ್ರಮ, ತಮಿಳು ಕವಿ ಸುಬ್ರಮಣ್ಯ ಭಾರತಿ ಇದ್ದ ಮನೆ ಎಲ್ಲವೂ ನಡೆಯುವಷ್ಟು ಹತ್ತಿರ. ಹುಡುಗರಿದ್ದರೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ದೇಶ ವಿದೇಶದ ಜನ ಒಟ್ಟಿಗೆ ಬಾಳುವ ಆರೋವಿಲ್ ಊರ ಹೊರಗಿದೆ. ಅಲ್ಲಿನ ಧ್ಯಾನದ ಜಾಗ ಮಾತೃಮಂದಿರದ ಒಳಗೆ ಕೂರಬೇಕೆಂದರೆ ಮುಂಚೆಯೇ ಹೆಸರು ಬರೆಸಬೇಕು, ಹಾಗೇ ಹೋದರೆ ದೂರದಿಂದ ನೋಡಿ ಬರಬೇಕಾಗುತ್ತದೆ.

ಶಾಕಾಹಾರಿಗಳಿಗೆ ನಾಲ್ಕರಲ್ಲಿ ಇದು ಸುಲಭದ ಊರು, ಬೆಳಿಗ್ಗೆ ಇಡ್ಲಿ, ಪೊಂಗಲ್, ಫಿಲ್ಟರ್ ಕಾಫಿ ಬೀದಿ ಬೀದಿಯಲ್ಲಿ. ರೂಮು ಫ್ರೆಂಚರ ಓಣಿಯಲ್ಲಿ ದುಬಾರಿ, ಕಾಲುವೆಯ ಈಚೆ ತಮಿಳರ ಓಣಿಯಲ್ಲಿ ಹಿಡಿದರೆ ಸಾಕಷ್ಟು ಕಡಿಮೆ. ನಡೆದರೆ ಹತ್ತೇ ನಿಮಿಷದ ಫರಕು, ಹಾಗಾಗಿ ಜಾಸ್ತಿ ಕೊಡಬೇಡಿ. ಶನಿವಾರ, ಭಾನುವಾರ ಮಾತ್ರ ತಪ್ಪಿಸಿ. ಚೆನ್ನೈ, ಬೆಂಗಳೂರಿನ ಹುಡುಗರು ಗಾಡಿ ತುಂಬಿಕೊಂಡು ಕುಡಿಯಲು ಬರುತ್ತಾರೆ, ಬಾಡಿಗೆಯೂ ಏರುತ್ತದೆ, ಸದ್ದೂ ಏರುತ್ತದೆ.

ಮಂಗಳೂರು

ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಮ್ಮದೇ ರಾಜ್ಯ, ಯಾವಾಗ ಬೇಕಾದರೂ ನೋಡಬಹುದು ಅಂತ. ನಿಜ ಹೇಳಬೇಕೆಂದರೆ ದೂರದಲ್ಲಿ ಅದು ಪಣಜಿಗಿಂತ ಜಾಸ್ತಿ. ಕಲಬುರಗಿಯಿಂದ ಹೆಚ್ಚು ಕಡಿಮೆ ಏಳುನೂರು ಕಿಲೋಮೀಟರ್. ಒಂದೇ ಉಸಿರಿಗೆ ಬಸ್ಸಿನಲ್ಲಿ ಹೋದರೆ ಸೊಂಟ ಹಿಡಿಯುತ್ತದೆ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಮುರಿದುಕೊಂಡು ಹೋಗಿ.

ಆದರೆ ಎರಡು ಅನುಕೂಲ ಬೇರೆ ಯಾವ ಊರಿಗೂ ಇಲ್ಲ. ಒಂದು, ಕನ್ನಡ. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ನಿಮ್ಮ ಜೊತೆ ತಿದ್ದಿ ತೀಡಿದ ಕನ್ನಡ ಮಾತಾಡುತ್ತಾರೆ. ಎರಡು, ಶಕ್ತಿ ಯೋಜನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಇಲ್ಲ, ರಾಜ್ಯದ ಒಳಗೆ ಮಾತ್ರ, ಎಸಿ ಮತ್ತು ಸ್ಲೀಪರ್ ಬಸ್ಸಿಗೆ ಇಲ್ಲ. ಗೋವಾ ಬಸ್ಸಿಗೆ ಕೊಡಬೇಕಾದ ದುಡ್ಡು ಇಲ್ಲಿ ಉಳಿಯುತ್ತದೆ.

ಕದ್ರಿ ಗುಡಿಯ ಲೋಕೇಶ್ವರ ಕಂಚಿನ ಮೂರ್ತಿ 968ರದ್ದು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡು ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು, ಕತ್ತು ನೋಯುವ ತನಕ ನೋಡುತ್ತೀರಿ. ಬಂದರಿನ ಓಣಿಯಲ್ಲಿ ಜೀನತ್ ಬಕ್ಷ್ ಮಸೀದಿ, ಒಳಗಿನ ಮರದ ಕೆತ್ತನೆ ನೋಡುವಂಥದ್ದು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗುಡಿ. ಕನ್ನಡದ ಮೊದಲ ಪತ್ರಿಕೆ ಹೊರಟದ್ದೂ ಈ ಊರಿಂದಲೇ, 1843ರಲ್ಲಿ, ಒಬ್ಬ ಜರ್ಮನ್ ಪಾದ್ರಿಯ ಕೈಯಲ್ಲಿ. ನಮ್ಮಲ್ಲಿ ಶಹಾಬಾದ್ ಪರಸಿ ಕಲ್ಲು ಹೇಗೋ ಅಲ್ಲಿ ಹೆಂಚು ಹಾಗೆ, ಅದನ್ನು ಕಾರ್ಖಾನೆಯಲ್ಲಿ ಮಾಡಲು ಶುರುಮಾಡಿದವರೂ ಆ ಪಾದ್ರಿಯ ಬಾಸೆಲ್ ಮಿಷನ್‌ನವರೇ.

ಕಷ್ಟ ಏನೆಂದರೆ ಇವೆಲ್ಲ ಊರ ತುಂಬ ಹಂಚಿಹೋಗಿವೆ. ಏರು, ಇಳಿಜಾರು ಜಾಸ್ತಿ. ಹಳೇ ಊರು ಅಂತ ಒಂದು ಕಡೆ ನಿಂತು ನೋಡುವ ಹಾಗಿಲ್ಲ, ಸಮುದ್ರವೂ ಪೇಟೆಯಿಂದ ದೂರ. ಆಟೋ, ಸಿಟಿ ಬಸ್ಸು ಬೇಕೇ ಬೇಕು. ಆದರೆ ಆಟೋದವರ ಜೊತೆ ನಿಮ್ಮ ಮಾತಿನಲ್ಲೇ ಮಾತಾಡಬಹುದು, ಅದು ಸಣ್ಣದೇನಲ್ಲ. ಊಟಕ್ಕೆ ನೀರು ದೋಸೆ, ಕೋರಿ ರೊಟ್ಟಿ, ಗೋಳಿಬಜೆ. ಕೋರಿ ರೊಟ್ಟಿ ನೋಡಿ ನಮ್ಮ ಖಡಕ್ ರೊಟ್ಟಿ ಅಂದುಕೊಳ್ಳಬೇಡಿ, ಅದು ಅಕ್ಕಿಯದ್ದು, ಕೋಳಿ ಸಾರಿನಲ್ಲಿ ನೆನೆಸಿ ತಿನ್ನುವುದು.

ಕೇಳಿದ ಮೂವರಿಗೆ ಹೇಳಿದ್ದು

ಶಾಲೆಯ ಜೋಡಿಗೆ ಕೊಚ್ಚಿ ಅಂದೆ. ಏಳು ದಿನ ಇದೆ, ದಾರಿ ಕಳೆದರೂ ನಾಲ್ಕು ದಿನ ಉಳಿಯುತ್ತದೆ, ಕಾಲು ಗಟ್ಟಿ ಇವೆ, ಇಂಗ್ಲಿಷ್ ಬರುತ್ತದೆ. ರಜೆ ನಾಲ್ಕೇ ದಿನಕ್ಕೆ ಇಳಿದರೆ ಪಣಜಿ, ಫೌಂಟೇನ್ಹಾಸ್ ಒಳಗೇ ರೂಮು. ಬೀದರಿನ ಹುಡುಗರಿಗೂ ಪಣಜಿಯೇ. ಬಸ್ಸಿನಲ್ಲೇ ಓಡಾಡಿದರೆ ಅವರ ಕೈಗೆ ಎಟಕುತ್ತದೆ, ಜೊತೆಗೆ ಹೊರಡುವ ಮುಂಚೆ ಗವಾನ್ ಮದರಸಾವನ್ನು ಇನ್ನೊಂದು ಸಲ ನೋಡಿಕೊಂಡು ಹೋಗಿ ಅಂತ ಹೇಳಿದೆ.

ಕಾಕಾನ ವಿಷಯ ಕಷ್ಟದ್ದು. ಮೊಣಕಾಲು ಪಾಂಡಿಚೇರಿ ಅನ್ನುತ್ತದೆ, ಮಾತು ಮಂಗಳೂರು ಅನ್ನುತ್ತದೆ. ಇಬ್ಬರೇ ಹೋಗುವುದಾದರೆ ಮಂಗಳೂರು. ದಾರಿಯಲ್ಲಿ ಏನಾದರೂ ಆದರೆ ಕೇಳಿ ಹೇಳಲು ಭಾಷೆ ಬೇಕು. ಮಗನೋ ಸೊಸೆಯೋ ಜೊತೆಗಿದ್ದರೆ ಪಾಂಡಿಚೇರಿ. ಸಂಜೆ ಆ ದಂಡೆಯ ಮೇಲೆ ಕಾಕಾ ಕಾಕಿ ಇಬ್ಬರನ್ನೂ ಕೂರಿಸಬೇಕು ಅಂತ ನನಗೇ ಆಸೆ. ಅದಕ್ಕೇ ನಾನೇ ಬರುತ್ತೇನೆ ಅಂದಿದ್ದೇನೆ.

ರೈಲಿನ ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಜನವರಿ ಕೊನೆಗೆ ಹೊರಡುವವರು ನವೆಂಬರ್ ಕೊನೆಗೇ ಕೂರಬೇಕು. ವಯಸ್ಸಾದವರ ಹೆಸರು ಹಾಕುವಾಗ ಕೆಳಗಿನ ಬರ್ತ್ ಕೇಳುವುದನ್ನು ಮರೆಯಬೇಡಿ. ಹೋಗುವ ಟಿಕೆಟ್ ಸಿಕ್ಕಿತು ಅಂತ ಸುಮ್ಮನಾಗದೆ ಬರುವ ಟಿಕೆಟ್‌ಗೆ ಯಾವ ದಿನ ತೆರೆಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.